ಸೋಜಾ ಕೇಳಿದ ಶನಿವಾರ

ಕ್ವಾಬೆನಾ ಆಸಿಯಾಮ ಎಂಬ ಅವರ ಪೂರ್ತಿ ಹೆಸರನ್ನು ನಮ್ಮ ಬ್ರೆಂಪಾಕ್ರೋಮ್‌ನಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಇಪ್ಪತ್ತೊಂದು ವರ್ಷ ಸೈನ್ಯದಲ್ಲಿದ್ದು ಬಂದವರಾದ್ದರಿಂದ ಊರಿಗೆಲ್ಲ ಅವರು ‘ಸೋಜಾ’, ಅಂದರೆ ಸಿಪಾಯಿ. ಆಮೇಲೆ ಹತ್ತೊಂಬತ್ತು ವರ್ಷ ಇಲ್ಲಿನ ಸರ್ಕಾರಿ ಆಸ್ಪತ್ರೆಯ ಆಡಳಿತಾಧಿಕಾರಿಯಾಗಿದ್ದರು. ಬಾಗಿಲ ಮೇಲೆ ಹಿತ್ತಾಳೆಯ ಫಲಕ ಇತ್ತು, ಕುರ್ಚಿಗೆ ಕೈ ಇತ್ತು, ಆದರೂ ಆ ಹುದ್ದೆಯ ಹೆಸರು ಅವರಿಗೆ ಅಂಟಲೇ ಇಲ್ಲ. ಹೆಂಡತಿ ಕಂಫರ್ಟ್ ಕೂಡ ಅಡುಗೆಮನೆಯಿಂದ “ಸೋಜಾ, ಫೂಫೂ ಆರಿಹೋಗ್ತಿದೆ” ಎಂದೇ ಕೂಗುತ್ತಿದ್ದರು.

ನಾನು ಆಜೊವಾ. ಇಪ್ಪತ್ತೆರಡನೆಯ ವಯಸ್ಸಿಗೆ ಅವರ ಕೈಕೆಳಗೆ ಗುಮಾಸ್ತೆಯಾಗಿ ಸೇರಿದವಳು. ಈಗ ಆಸ್ಪತ್ರೆಯ ದಾಖಲೆಗಳೆಲ್ಲ ನನ್ನ ಸುಪರ್ದಿಯಲ್ಲಿವೆ, ಶವಾಗಾರದ ರಿಜಿಸ್ಟರ್ ಕೂಡ. ಮೊದಲ ದಿನವೇ ಹತ್ತು ನಿಮಿಷ ತಡವಾಗಿ ಹೋಗಿದ್ದೆ. ಗೇಟಿನಲ್ಲೇ ನಿಂತಿದ್ದರು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಶೂ.

“ಏನಮ್ಮಾ, ಟ್ರೋಟ್ರೋ ಸಿಗಲಿಲ್ವಾ?”

“ಸಿಕ್ತು ಸಾರ್. ತುಂಬಿತ್ತು. ಮುಂದಿನ ವ್ಯಾನಿಗೆ ಕಾದೆ.”

“ಸರಿ. ಒಳಗೆ ಒಬ್ಬ ರೋಗಿ ಮಲಗಿದಾನೆ. ಹೋಗಿ ಹೇಳು, ಆಜೊವಾ ಬರೋತನಕ ಹತ್ತು ನಿಮಿಷ ತಡ ಮಾಡಿ ಸಾಯಪ್ಪಾ ಅಂತ.”

ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಕೈಕೆಳಗೆ ಒಂದು ತಿಂಗಳೂ ಇರಲಾರೆ ಎಂದುಕೊಂಡೆ. ಅವರು ನಿವೃತ್ತಿಯಾದ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳೂ ನಾನೇ. ಇರಲಿ.

ದಿನಾ ಬೆಳಗ್ಗೆ ಆಸ್ಪತ್ರೆಯನ್ನು ಒಂದು ಸುತ್ತು ಹಾಕುವುದು ಅವರ ಪದ್ಧತಿ. ಎಲ್ಲ ಅಧಿಕಾರಿಗಳೂ ಹೆರಿಗೆ ವಾರ್ಡಿನಿಂದಲೋ ಡಾಕ್ಟರ ಕೋಣೆಯಿಂದಲೋ ಶುರು ಮಾಡಿದರೆ ಇವರದು ಹಿಂಬಾಗಿಲಿನಿಂದ. ಮೊದಲು ಶವಾಗಾರ, ಆಮೇಲೆ ಬಟ್ಟೆ ಒಗೆಯುವ ಕಟ್ಟೆ, ಆಮೇಲೆ ಅಡುಗೆಮನೆ. ಅಲ್ಲಿ ರೋಗಿಗಳ ಗಂಜಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಬೇಕು. ಆಮೇಲೆ ಕಕ್ಕಸು. ಕಟ್ಟಕಡೆಗೆ ಡಾಕ್ಟರು. ಹೊಸದಾಗಿ ಬಂದ ಡಾಕ್ಟರೊಬ್ಬರು ಒಮ್ಮೆ ಕೇಳಿಯೇಬಿಟ್ಟರು.

“ಸೋಜಾ, ಲೋಕವೆಲ್ಲ ಬದುಕಿರೋರಿಂದ ಶುರು ಮಾಡುತ್ತೆ. ನೀವ್ಯಾಕೆ ಹೆಣದಿಂದ?”

“ಬದುಕಿರೋರಿಗೆ ಬಾಯಿದೆ ಡಾಕ್ಟ್ರೇ, ದೂರು ಹೇಳ್ತಾರೆ. ಇವರು ಹೇಳಲ್ಲ. ಅದಕ್ಕೇ ಇವರು ಮೊದಲು.”

ಆ ತಣ್ಣನೆಯ ಕೋಣೆಯಲ್ಲಿ ಅವರು ಒಂದೊಂದು ಖಾನೆಯ ಮುಂದೆಯೂ ನಿಂತು ಒಳಗಿದ್ದವರ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಸುಳ್ಳಲ್ಲ, ರಿಜಿಸ್ಟರ್ ಹಿಡಿದು ಹಿಂದೆ ನಿಂತಿರುತ್ತಿದ್ದವಳು ನಾನೇ. ನಮ್ಮ ಕಡೆ ಹೆಣಕ್ಕೆ ಅವಸರವಿಲ್ಲ. ಶವಯಾತ್ರೆಗೆ ಎಲ್ಲರಿಗೂ ಒಂದೇ ಬಗೆಯ ಬಟ್ಟೆ ಅಚ್ಚಾಗಬೇಕು, ಬ್ಯಾಂಡು ಬರಬೇಕು, ಮನೆಗೆ ಸುಣ್ಣ ಬಳಿಯಬೇಕು, ನೆಂಟರೆಲ್ಲ ಒಂದು ಮಾತಿಗೆ ಬರಬೇಕು. ಎರಡು ತಿಂಗಳು, ಮೂರು ತಿಂಗಳು, ಜಗಳ ಬಿದ್ದರೆ ವರ್ಷ. ಇದ್ದಾಗ ಒಂದು ಲೋಟ ನೀರು ಕೊಡದವರೂ ಸತ್ತಮೇಲೆ ಊರೇ ಬೆರಗಾಗುವಂಥ ಮೆರವಣಿಗೆ ಮಾಡುತ್ತಾರೆ. ಅಲ್ಲಿಯತನಕ ಸತ್ತವರು ನಮ್ಮ ಫ್ರಿಜ್ಜಿನಲ್ಲಿ.

“ಫೊಸುವಾ ಅಮ್ಮಾ, ನಿಮ್ಮವರು ಇನ್ನೂ ಬಟ್ಟೆ ಆರಿಸ್ತಿದಾರಂತೆ. ಸ್ವಲ್ಪ ತಾಳಿ” ಎನ್ನುತ್ತಿದ್ದರು ಸೋಜಾ. ಪಕ್ಕದ ಖಾನೆಗೆ ಹೋಗಿ, “ನೀವು ಬಿಡಿ ಮೇಷ್ಟ್ರೇ, ನಿಮ್ಮ ತಮ್ಮಂದಿರು ಹೊಡೆದಾಡಿ ಮುಗಿಸೋ ಹೊತ್ತಿಗೆ ಮಳೆಗಾಲ ಬರುತ್ತೆ.”

ಮೊದಮೊದಲು ನನಗೆ ನಗು ಬರುತ್ತಿತ್ತು. ವರ್ಷ ಕಳೆದ ಹಾಗೆ ನಾನೂ ಅವರ ಹಿಂದೆ ನಿಂತು ಆ ಹೆಸರುಗಳನ್ನು ಮೆಲ್ಲಗೆ ಹೇಳತೊಡಗಿದೆ.

ಅವರು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು, ಮುಂದಿನದೆಲ್ಲ ಅದಕ್ಕೆ ಸೇರಿದ್ದು. ನಮ್ಮದು ಅಳಿಯಸಂತಾನ. ಸತ್ತವರ ಮೇಲೆ ಹಕ್ಕು ತಾಯಿಯ ಕಡೆಯ ಕುಟುಂಬದ್ದು, ಹೆಂಡತಿ ಮಕ್ಕಳದಲ್ಲ. ಸೋಜಾ ಇದೇ ನೆಲದಲ್ಲಿ ಹುಟ್ಟಿದವರು, ಅವರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ರಾಜಧಾನಿ ಅಕ್ರಾದ ಸೈನ್ಯದ ಆಸ್ಪತ್ರೆಯ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ಅಲ್ಲಿ ಕಾಗದದಲ್ಲಿ ಹೆಂಡತಿ ಎಂದು ಬರೆದಿದ್ದರೆ ಹೆಂಡತಿಗೇ ಹೆಣ. ಇಲ್ಲಿಗೆ ಬಂದ ಹೊಸದರಲ್ಲಿ ಅದೇ ಅಭ್ಯಾಸದಲ್ಲಿ ಒಬ್ಬ ರೈತನ ಹೆಣವನ್ನು ಅಳುತ್ತಾ ಬಂದ ಹೆಂಡತಿಗೂ ಮಗನಿಗೂ ಕೊಟ್ಟುಬಿಟ್ಟರು. ಮಧ್ಯಾಹ್ನಕ್ಕೆ ತಾಯಿಕುಟುಂಬದವರು ಎರಡು ಲಾರಿ ತುಂಬ ಬಂದು ಇಳಿದರು, ಕೆಂಪು ಪಟ್ಟಿ ಕಟ್ಟಿಕೊಂಡು, ಡೋಲು ಬಡಿಯುತ್ತಾ. ಕಿಟಕಿಯ ಗಾಜು ಒಂದೂ ಉಳಿಯಲಿಲ್ಲ. ಸಾಲದ್ದಕ್ಕೆ ಆ ಹೆಂಗಸನ್ನು ಊರು ಬಿಡಿಸಿದರು. ಗಾಜಿಗಿಂತ ಹೆಚ್ಚಾಗಿ ಅದು ಸೋಜಾ ಅವರನ್ನು ಕೊರೆಯಿತು. ಮರುದಿನವೇ ನಿಯಮ ಬರೆದು ಗೋಡೆಗೆ ಅಂಟಿಸಿದರು: ಕುಟುಂಬದ ಯಜಮಾನನ ಸಹಿ ಇಲ್ಲದೆ ಯಾವ ಹೆಣವನ್ನೂ ಯಾರಿಗೂ ಕೊಡತಕ್ಕದ್ದಲ್ಲ. ಆ ಕಾಗದ ಇವತ್ತಿಗೂ ಅಲ್ಲೇ ಇದೆ, ಹಳದಿಯಾಗಿ, ನಾಲ್ಕೂ ಮೂಲೆಗೆ ಪ್ಲಾಸ್ಟರ್ ಹಾಕಿಸಿಕೊಂಡು.

ಸೋಜಾ ಕೊನೆಯ ವರ್ಷ ಹಾಸಿಗೆ ಹಿಡಿದರು. ಎಂಬತ್ತನಾಲ್ಕು ವಯಸ್ಸು, ಎದೆಯಲ್ಲಿ ನೀರು. ಒಂದು ಸಂಜೆ ನಾನೂ ಇದ್ದಾಗ ಹೆಂಡತಿಯ ಕೈ ಹಿಡಿದು ಹೇಳಿದರು.

“ಕಂಫರ್ಟ್, ನಾನು ಹೋದಮೇಲೆ ವಾರದ ಕೂಟಕ್ಕೆ ಕುಟುಂಬ ಸೇರುತ್ತಲ್ಲ, ಅದು ಮುಗಿದ ಮೊದಲ ಶನಿವಾರ ನನ್ನ ಮಣ್ಣು ಮಾಡಿಬಿಡಬೇಕು. ಆ ಖಾನೆಯಲ್ಲಿ ನನ್ನ ತಿಂಗಳುಗಟ್ಟಲೆ ಇಡಬೇಡಿ. ಬ್ಯಾಂಡು ಗೀಂಡು ಏನೂ ಬೇಡ.”

“ಆಯ್ತು.”

“ಆಯ್ತು ಅಂದ್ರೆ ಆಗಲ್ಲ. ಮಾತು ಕೊಡು.”

“ಕೊಟ್ಟೆ ಮಾರಾಯ, ಔಷಧಿ ಕುಡಿ” ಎಂದರು ಕಂಫರ್ಟ್. ನಗುತ್ತಲೇ ಹೇಳಿದರು, ಕಣ್ಣು ಮಾತ್ರ ತುಂಬಿತ್ತು.

ಮಂಗಳವಾರ ಹುಟ್ಟಿದವರು ಮಂಗಳವಾರವೇ ಹೋದರು. ಜನವರಿ ತಿಂಗಳು, ಮರುಭೂಮಿಯ ಒಣಗಾಳಿ ಬೀಸಿ ತುಟಿಯೆಲ್ಲ ಒಡೆಯುವ ಕಾಲ. ರಿಜಿಸ್ಟರಿನಲ್ಲಿ ಅವರ ಹೆಸರನ್ನು ನಾನೇ ಬರೆದೆ. ಹನ್ನೊಂದನೆಯ ಖಾನೆ. ಆ ದಿನ ನನಗೆ ಊಟ ಸೇರಲಿಲ್ಲ.

ಕುಟುಂಬದ ಯಜಮಾನ ಎಂದರೆ ಅವರ ತಂಗಿಯ ಮಗ ಆಂಟ್ವಿ. ಲಾರಿಯ ಬಿಡಿಭಾಗಗಳ ಅಂಗಡಿಯವನು. ಒಳ್ಳೆಯವನೇ, ಆದರೆ ಮೆರವಣಿಗೆ ಎಂದರೆ ಪ್ರಾಣ. ಎರಡನೆಯ ದಿನವೇ ಸಾರಿಬಿಟ್ಟ: “ಈಸ್ಟರ್ ಶನಿವಾರ! ನಮ್ಮ ಸೋಜಾ ಮಾವನ್ನ ಆಡು ಹೂತ ಹಾಗೆ ಹೂಳೋಕಾಗುತ್ತಾ? ಸೈನ್ಯದಿಂದ ತುತ್ತೂರಿಯವರು ಬರ್ತಾರೆ, ಮಾವನ ಬದುಕಿನ ಮೇಲೆ ನಲವತ್ತು ಪುಟದ ಪುಸ್ತಕ ಅಚ್ಚು ಹಾಕಿಸ್ತೀನಿ.” ಮೂರು ತಿಂಗಳು! ಕಂಫರ್ಟ್ ಮೂಲೆಯಲ್ಲಿ ಕಪ್ಪು ಬಟ್ಟೆ ಉಟ್ಟು ಕೂತಿದ್ದರು. ನಮ್ಮಲ್ಲಿ ವಿಧವೆಗೆ ಅಳುವ ಹಕ್ಕಿದೆ, ದಿನ ಗೊತ್ತು ಮಾಡುವ ಹಕ್ಕಿಲ್ಲ.

ಶುಕ್ರವಾರ ಅವರು ನನ್ನ ಕಚೇರಿಗೆ ಬಂದರು. ಬಾಗಿಲು ಹಾಕಿದರು.

“ಆಜೊವಾ, ನಿನ್ನ ಕಾಲಿಗೆ ಬೀಳ್ತೀನಿ. ಮುಂದಿನ ಶನಿವಾರ ಬೆಳಗ್ಗೆ ಸದ್ದಿಲ್ಲದೆ ಕೊಟ್ಟುಬಿಡು. ನಾನೂ ನಮ್ಮ ಹೆಣ್ಣುಮಕ್ಕಳೂ ತಗೊಂಡು ಹೋಗಿ ಮಣ್ಣು ಮಾಡ್ತೀವಿ.”

“ಅಮ್ಮಾ, ಸಹಿ...”

“ಗೊತ್ತು ಕಣೆ ಸಹಿ! ಆ ಕಾಗದ ಅವರು ಬರೀವಾಗ ದೀಪ ಹಿಡಿದವಳು ನಾನು.”

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಹಾಗಾಯಿತು. ಬೇರೆ ಯಾರ ನಿಯಮವಾಗಿದ್ದರೂ ಮುರಿಯುತ್ತಿದ್ದೆನೇನೋ. ಅವರದನ್ನು ಮುರಿಯಲು ನನ್ನಿಂದಾಗಲಿಲ್ಲ. ಊರು ಬಿಟ್ಟುಹೋದ ಆ ರೈತನ ಹೆಂಡತಿಯೂ ನೆನಪಾದಳು. ಆದರೆ ಒಂದು ದಾರಿಯಿತ್ತು. ಸಹಿ ಹಾಕುವವನು ಆಂಟ್ವಿ, ಅವನ ಪೆನ್ನು ಏಳಬೇಕಾದರೆ ಕುಟುಂಬದ ಹಿರಿಯಜ್ಜಿ ತಲೆಯಾಡಿಸಬೇಕು. ಆ ಹಿರಿಯಜ್ಜಿಯೇ ಪೊಕುವಾ, ಊರೆಲ್ಲ ಗೌರವದಿಂದ ‘ನಾನಾ’ ಎಂದು ಕರೆಯುವ ಸೋಜಾ ಅವರ ಸ್ವಂತ ಅಕ್ಕ, ತೊಂಬತ್ತು ದಾಟಿದವರು.

ದಾರಿಯೇನೋ ಇತ್ತು, ಅದರ ತುಂಬ ಮುಳ್ಳು. ಆ ಅಕ್ಕತಮ್ಮಂದಿರ ಕಥೆ ಊರಿಗೇ ಗೊತ್ತು. ಪೊಕುವಾ ಅವರ ಗಂಡ ಯೆಬೋವಾ ಸೋಜಾ ಅವರ ಜತೆಯಲ್ಲೇ ಸೈನ್ಯ ಸೇರಿದವರು. ಅರುವತ್ತನೆಯ ಇಸವಿಯಲ್ಲಿ ಇಬ್ಬರೂ ಶಾಂತಿಪಡೆಯಲ್ಲಿ ಕಾಂಗೋಗೆ ಹೋದರು. ಯೆಬೋವಾ ಜ್ವರದಲ್ಲಿ ತೀರಿಕೊಂಡರು. ಸೋಜಾ ಅದೇ ಸಂಜೆ ಅವರನ್ನು ಅಲ್ಲೇ ಮಣ್ಣು ಮಾಡಿ ಒಬ್ಬರೇ ಊರಿಗೆ ಬಂದರು. ಅದು ತಪ್ಪಲ್ಲ, ಯುದ್ಧದ ನಾಡು. ಆದರೆ ಪರವೂರಲ್ಲಿ ಸತ್ತವರ ಒಂದಿಷ್ಟು ಕೂದಲು, ಒಂದಿಷ್ಟು ಉಗುರು ತಂದುಕೊಟ್ಟರೆ ಇಲ್ಲಿ ಕರ್ಮ ಮಾಡಿ ಮುಗಿಸುತ್ತೇವೆ. ಸೋಜಾ ಅದನ್ನೂ ತರಲಿಲ್ಲ. ಕೇಳಿದರೆ “ಮರೆತೆ” ಎಂದರು. ಕರ್ಮವಾಗದೆ ಪೊಕುವಾ ವಿಧವೆಯ ಬಟ್ಟೆ ಉಡಲೂ ಆಗಲಿಲ್ಲ, ಉಟ್ಟು ಬಿಚ್ಚಲೂ ಆಗಲಿಲ್ಲ, ಮತ್ತೆ ಮದುವೆಯಾಗಲೂ ಇಲ್ಲ. ಇಪ್ಪತ್ತೆಂಟನೆಯ ವಯಸ್ಸಿಗೆ ಎಲ್ಲಿ ನಿಂತರೋ ಅಲ್ಲೇ ನಿಂತುಬಿಟ್ಟರು.

ಸೋಜಾ ಊರಲ್ಲಿದ್ದಾಗೆಲ್ಲ ಪ್ರತಿ ಭಾನುವಾರ ಹೊಗೆಮೀನು ತೆಗೆದುಕೊಂಡು ಅಕ್ಕನ ಮನೆಗೆ ಹೋಗುತ್ತಿದ್ದರು. ಅಕ್ಕ ಕುರ್ಚಿ ಕೊಡುತ್ತಿದ್ದರು, ಊಟ ಬಡಿಸುತ್ತಿದ್ದರು. ನೀರು ಮಾತ್ರ ಕೊಡುತ್ತಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುವುದು ನಮ್ಮಲ್ಲಿ ಹಗೆಯವನಿಗೂ ತಪ್ಪದ ಮರ್ಯಾದೆ. ಅರುವತ್ತು ವರ್ಷದ ಮೇಲೆ, ಹಾಸಿಗೆ ಹಿಡಿಯುವತನಕ, ಸೋಜಾ ಅಕ್ಕನ ಮನೆಗೆ ತಮ್ಮ ಸೈನ್ಯದ ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರು. ನಾನೊಮ್ಮೆ ಸಿಟ್ಟಿನಿಂದ “ಯಾಕಾದರೂ ಹೋಗ್ತೀರಿ?” ಎಂದದ್ದಕ್ಕೆ, “ಊಟ ಚೆನ್ನಾಗಿರುತ್ತೆ ಕಣಮ್ಮಾ” ಎಂದಿದ್ದರು.

ಭಾನುವಾರ ನಾನು ಹೋದಾಗ ನಾನಾ ಪೊಕುವಾ ಜಗಲಿಯಲ್ಲಿ ಕೂತಿದ್ದರು. ನನಗೆ ನೀರು ಕೊಟ್ಟರು. ಕುಡಿದು ವಿಷಯ ಹೇಳಿದೆ. ಐವತ್ತಾರು ವರ್ಷದ ನನ್ನನ್ನು ‘ಹುಡುಗಿ’ ಎನ್ನುವವರು ಊರಲ್ಲಿ ಅವರೊಬ್ಬರೇ.

“ಹುಡುಗಿ, ಒಬ್ಬನನ್ನ ನನಗೆ ಮುಖಾನೂ ತೋರಿಸದೆ ಹೂತುಬಂದ. ಈಗ ತನ್ನನ್ನೂ ಹಂಗೇ ಹೂಳಬೇಕಂತಾ? ಆಗಲ್ಲ. ಫ್ರಿಜ್ಜಿನಲ್ಲಿ ಮಲಗಿರಲಿ. ಅವನು ಅಲ್ಲಿರೋ ತನಕ ನನಗೂ ಒಬ್ಬ ತಮ್ಮ ಇದಾನೆ ಅಂತ ಇರುತ್ತೆ.”

ಸಿಟ್ಟು ಎಂದುಕೊಂಡು ಹೋಗಿದ್ದೆ, ಅಲ್ಲಿದ್ದದ್ದು ಬೇರೆ. ಬಾಯಿಗೆ ಬಂದದ್ದನ್ನು ಹೇಳಿದೆ.

“ಮುಖ ನೋಡ್ತೀರಾ ನಾನಾ? ನಾಳೆ ಬನ್ನಿ.”

ನೆಂಟರನ್ನು ಒಳಗೆ ಬಿಡುವಂತಿಲ್ಲ, ಅದೂ ಸೋಜಾ ಅವರದೇ ನಿಯಮ. ಅದನ್ನು ಮುರಿದೆ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನಾನಾ ಪೊಕುವಾ ನನ್ನ ಭುಜ ಹಿಡಿದುಕೊಂಡು ಆ ಕೋಣೆಗೆ ಬಂದರು. ಖಾನೆ ಎಳೆದೆ. ಗೋಳಾಡುತ್ತಾರೆ ಎಂದು ಹೆದರಿದ್ದೆ. ಅವರು ಬೈದರು.

“ನೋಡು, ಇಲ್ಲಿ ಬಂದು ಮಲಗಿದೀಯ. ಶೂ ಇಲ್ಲ ಏನಿಲ್ಲ. ನನಗಿಂತ ಚಿಕ್ಕೋನು ನೀನು, ಮುಂದೆ ಹೋಗೋಕೆ ಯಾರು ಹೇಳಿದ್ರು?”

ಆಮೇಲೆ ಕಾಲು ಮುಟ್ಟಿದರು. ಮುಟ್ಟಿದ ಕೈಯನ್ನು ಚಟ್ಟನೆ ಹಿಂದಕ್ಕೆಳೆದುಕೊಂಡರು.

“ಇಷ್ಟು ತಣ್ಣಗಿದಾನಲ್ಲೇ ಹುಡುಗಿ!”

“ಫ್ರಿಜ್ ಅಲ್ವಾ ನಾನಾ.”

“ಫ್ರಿಜ್ ಅಂತ ಗೊತ್ತು. ಇಷ್ಟು ಅಂತ ಗೊತ್ತಿರಲಿಲ್ಲ. ಚಳಿಗಾಳಿ ಬಂದ್ರೆ ನನ್ನ ಬೆನ್ನಿಂದ ಇಳೀತಾ ಇರಲಿಲ್ಲ ಇವನು. ಇಳಿಸಿದ್ರೆ ಬಟ್ಟೆ ಹಿಡ್ಕೊಂಡು ಅಳೋನು.” ಹೆಬ್ಬೆರಳಿಗೆ ಸುತ್ತಿದ ಪ್ಲಾಸ್ಟರ್ ಕಾಣಿಸಿತು. “ಇದೇನು?”

“ನಂಬರು. ಹನ್ನೊಂದು.”

“ಯಾಕೆ, ಇವನಿಗೆ ಹೆಸರಿಲ್ವಾ?”

ಸೋಜಾ ಇದೇ ಜಾಗದಲ್ಲಿ ನಿಂತು ಒಬ್ಬೊಬ್ಬರ ಹೆಸರು ಹೇಳುತ್ತಿದ್ದದ್ದನ್ನು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಾಗಲಿಲ್ಲ. ಬಹಳ ಹಿಂದೆ ಒಂದು ಮಳೆಗಾಲದಲ್ಲಿ ದಾಖಲೆ ಕೋಣೆ ಸೋರಿ, ನಾವಿಬ್ಬರೂ ಒದ್ದೆ ಕಾಗದ ಹರವುತ್ತಿದ್ದಾಗ ಅವರು ತಾವಾಗಿಯೇ ಹೇಳಿದ ಒಂದು ಮಾತು ನನ್ನ ಹೊಟ್ಟೆಯಲ್ಲೇ ಇತ್ತು. ಯಾರಿಗೂ ಹೇಳಬೇಡ ಎಂದಿದ್ದರು. ಹೇಳಿಬಿಟ್ಟೆ.

“ನಾನಾ, ಕಾಂಗೋದಲ್ಲಿ ಅವರು ಮರೀಲಿಲ್ಲ. ಕತ್ತರಿ ಕೈಯಲ್ಲೇ ಇತ್ತಂತೆ. ಯೆಬೋವಾ ಅವರಿಗೆ ಸ್ನಾನ ಮಾಡಿಸಿ, ತನ್ನ ಕಂಬಳಿ ಹೊದಿಸಿ, ಉಗುರು ತೆಗೆಯೋಕೆ ಅಂತ ಕೈ ಹಿಡಿದರಂತೆ. ಕೈ ಇನ್ನೂ ಬಿಸಿ ಇತ್ತಂತೆ. ‘ಮಲಗಿರೋವನಿಗೆ ನೋವಾಗುತ್ತೆ ಅನ್ನಿಸಿಬಿಡ್ತು ಆಜೊವಾ, ಆಗಲಿಲ್ಲ ನನ್ನಿಂದ’ ಅಂದರು. ನಿಮ್ಮ ತಮ್ಮನಿಗೆ ಆಗ ಇಪ್ಪತ್ತೆರಡು ವರ್ಷ.”

ನಾನಾ ಪೊಕುವಾ ಸ್ಟೂಲಿನ ಮೇಲೆ ಕೂತರು. ಫ್ರಿಜ್ಜಿನ ಮೋಟಾರು ಗುಂಯ್ ಎನ್ನುತ್ತಿತ್ತು.

“ಬಿಸಿ ಇತ್ತಂತಾ?”

“ಹೂಂ.”

“ಮರೆತೆ ಅಂದಿದ್ದನಲ್ಲೇ ನನಗೆ.”

“ಆಗಲಿಲ್ಲ ಅಂದ್ರೆ ನೀವು ಆ ಕೈಯನ್ನೇ ನೆನೆಸ್ಕೊಂಡು ಅಳ್ತೀರಿ ಅಂತ. ಮರೆತೆ ಅಂದ್ರೆ ಬೈತೀರಿ ಅಷ್ಟೆ.”

“ಬೈದೆ ಕಣೆ. ಬೇಕಾದಷ್ಟು ಬೈದೆ” ಎಂದರು. ತಮ್ಮನ ಮುಖದ ಕಡೆ ತಿರುಗಿ, “ನೀರು ತಾ.”

ಓಡಿಹೋಗಿ ಒಂದು ಪ್ಯಾಕೆಟ್ ನೀರು ತಂದೆ. ಮೂಲೆ ಕಚ್ಚಿ ಹರಿದುಕೊಟ್ಟೆ. ಅವರು ಕುಡಿಯಲಿಲ್ಲ. ಬೆರಳು ಅದ್ದಿ ತಮ್ಮನ ತುಟಿಗೆ ಹಚ್ಚಿದರು. ಒಂದು ಸಲ, ಎರಡು ಸಲ, ಮೂರು ಸಲ. ನಾನು ಗೋಡೆಯ ಕಡೆ ತಿರುಗಿ ನಿಂತೆ, ಆ ಹಳೆಯ ನಿಯಮದ ಕಾಗದ ಕಣ್ಣ ಮುಂದೆಯೇ ಇತ್ತು, ಒಂದಕ್ಷರವೂ ಕಾಣಲಿಲ್ಲ.

ಹೊರಗೆ ಬಂದಮೇಲೆ ಶನಿವಾರದ ಬಗ್ಗೆ ಅವರು ಏನೂ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಮಂಗಳವಾರ ವಾರದ ಕೂಟ. ಅಂಗಳಕ್ಕೆ ಚಪ್ಪರ ಹಾಕಿ ಪ್ಲಾಸ್ಟಿಕ್ ಕುರ್ಚಿ ಜೋಡಿಸಿದ್ದರು. ಎಲ್ಲ ಕಪ್ಪು, ಕೆಂಪು ಬಟ್ಟೆಯವರು. ಹಿರಿಯರು ನೆಲಕ್ಕೆ ಮದ್ಯ ಎರೆದು ಪೂರ್ವಜರನ್ನು ಕರೆದರು. ಆಂಟ್ವಿ ಎದ್ದು ಈಸ್ಟರ್ ಶನಿವಾರ, ತುತ್ತೂರಿ, ನಲವತ್ತು ಪುಟ ಎಂದೆಲ್ಲ ಹೇಳಿ ಬೆವರು ಒರೆಸಿಕೊಂಡ. ಜನ ತಲೆದೂಗಿದರು. ಕಂಫರ್ಟ್ ನೆಲ ನೋಡುತ್ತಾ ಕೂತಿದ್ದರು.

ನಾನಾ ಪೊಕುವಾ ಕೋಲಿನಿಂದ ನೆಲ ಕುಟ್ಟಿದರು.

“ಆಂಟ್ವಿ, ಕೂತ್ಕೋ. ಚೆನ್ನಾಗಿ ಮಾತಾಡಿದೆ. ಕಂಫರ್ಟ್, ನೀನು ಹೇಳು. ಯಾವ ಶನಿವಾರ?”

ಚಪ್ಪರದಲ್ಲಿ ಗುಸುಗುಸು ಎದ್ದಿತು. “ವಿಧವೇನ ಕೇಳೋದಾ?” ಎಂದ ಯಾರೋ. “ಬಾಯ್ಮುಚ್ಚೋ, ನಿನ್ನ ಕೇಳ್ಲಿಲ್ಲ” ಎಂದರು ನಾನಾ.

ಕಂಫರ್ಟ್ ಎದ್ದು ನಿಂತರು. ಈ ಒಂದು ಮಾತಿಗಾಗಿ ಆ ಹೆಂಗಸು ನನ್ನ ಕಾಲಿಗೂ ಬೀಳಲು ಬಂದಿದ್ದರು. ಈಗ ಊರೇ ಕಿವಿಗೊಟ್ಟು ಕೂತಿದೆ. ಹೇಳಮ್ಮಾ, ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದೆ. ಅವರು ಒಂದೊಂದೇ ಬೆರಳು ಮಡಚಿದರು.

“ಬುಧವಾರ, ಗುರುವಾರ, ಶುಕ್ರವಾರ... ಮೂರೇ ದಿನ ಅಲ್ವಾ ನಾನಾ?” ಮಡಚಿದ ಬೆರಳನ್ನೇ ನೋಡಿದರು. “ಇನ್ನೊಂದು ವಾರ ಇರಲಿ. ಒಂದೇ ಒಂದು ವಾರ. ನಾನೇ ಮಾತು ಕೊಟ್ಟವಳು, ನನಗೆ ಗೊತ್ತು. ಆದ್ರೆ ಆಮೇಲೆ ಎಲ್ಲೂ ಇರಲ್ಲ ಅಲ್ವಾ ಅವರು? ಈಗ ಅಲ್ಲಾದರೂ ಇದಾರೆ.”

ಆಂಟ್ವಿ ತಲೆ ತಗ್ಗಿಸಿದ.

ನಾನಾ ಪೊಕುವಾ ಎದ್ದರು. ಹಿಡಿಯಲು ಬಂದವರನ್ನು ಕೋಲಿನಿಂದ ದೂರ ಸರಿಸಿ, ಆ ಚಪ್ಪರದ ಉದ್ದಕ್ಕೂ ಒಬ್ಬರೇ ನಡೆದು ಬಂದು ಕಂಫರ್ಟ್ ಅವರ ಪಕ್ಕದಲ್ಲಿ ಕೂತರು. ಕೈ ಎಳೆದು ಕೂರಿಸಿಕೊಂಡರು.

“ಗೊತ್ತು ಮಗಳೇ. ನಾನು ನನ್ನೋನನ್ನ ಅರವತ್ತೆರಡು ವರ್ಷ ಹೀಗೇ ಇಟ್ಕೊಂಡಿದ್ದೆ. ಇವತ್ತು ಬೇಡ, ನಾಳೆ ಬೇಡ ಅಂತ. ಅವನೂ ಹೋಗಲಿಲ್ಲ, ನಾನೂ ಬದುಕಲಿಲ್ಲ. ನೀನು ಹಾಗೆ ಮಾಡಬೇಡ. ಅವನಿಗೆ ಅಲ್ಲಿ ಚಳಿ ಕಣೆ. ಮುಟ್ಟಿ ನೋಡಿದೀನಿ.”

ಕಂಫರ್ಟ್ ಆ ಅಜ್ಜಿಯ ಮಡಿಲಲ್ಲಿ ಮುಖ ಇಟ್ಟು ಅತ್ತರು. ಯಾರೂ ಅವಸರ ಮಾಡಲಿಲ್ಲ. ಆಂಟ್ವಿ ಆಸ್ಪತ್ರೆಯ ಸಹಿಯ ಕಾಗದ ಬಿಡಿಸಿ ಪೆನ್ನು ಹಿಡಿದು ಕಾಯುತ್ತಾ ನಿಂತಿದ್ದ. ಕೊನೆಗೆ ಕಂಫರ್ಟ್ ತಲೆಯೆತ್ತಿ, ಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡು, ಅವನ ಕಡೆ ನೋಡಿದರು.

“ಈ ಶನಿವಾರ” ಎಂದರು.